ಮಡಿಕೆ ಬಿಡದ ಹೊಲಿಗೆ

ವರಾಸ್ ಪೇಟೆ, ಬಸ್ ನಿಲ್ದಾಣದ ಹಿಂದಿನ ಓಣಿ, ಹಸಿರು ಬಾಗಿಲು.
ಮೂವತ್ತೊಂದು ವರ್ಷ ನಾನು ಹೊಲಿದದ್ದೆಲ್ಲ
ಬೆಟ್ಟ ಹರಿದು ಕಳಿಸಿದ್ದು:
ಡೇರೆಯ ಮೂಲೆ, ಚೀಲದ ಹೆಗಲು, ಮಲಗುಚೀಲದ ಜಿಪ್ಪು.
ದೂರದ ಬೆಟ್ಟ ನುಣ್ಣಗೆ ಅನ್ನುವವರು
ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ.

ರಾಷ್ಟ್ರೀಯ ಉದ್ಯಾನ ಅಂತೆ, ಸರ್ಕಾರಿ ಕಾಗದದಲ್ಲಿ.
ಜಿಪ್ಪಿನ ಹಲ್ಲಿಗೆ ಸಿಕ್ಕ ಮರಳು ನೋಡಿ ಹೇಳಬಲ್ಲೆ
ಅದರ ಯಾವ ಕಣಿವೆಯಲ್ಲಿ ಮಲಗಿ ಬಂದರೆಂದು.
ಹಳೇ ಕಾಗದದಷ್ಟು ತೆಳ್ಳನೆ ಕೆಂಪು ತೊಗಟೆ
ಜೇಬಿನಲ್ಲಿದ್ದರೆ ಯಾಂಗನೂಕೊ, ಕೆನ್ಯುವಾಲ್ ಮರದ್ದು.
ಬೂದಿ ಬಣ್ಣದ ಪುಡಿಯಾದರೆ ಪಾಸ್ತೊರೂರಿ,
ಹಿಮ ಬಿಟ್ಟುಹೋದ ಬಂಡೆಯ ಹಿಟ್ಟು.

ಹೋಗಿಲ್ಲ ಮಾತ್ರ. ಒಮ್ಮೆಯೂ.
ಬಿಸಿಲ ತಿಂಗಳಲ್ಲೇ ಹರಿಯುವುದು ಹೆಚ್ಚು,
ಮಳೆ ಹಿಡಿದು ಕೈ ಖಾಲಿಯಾದಾಗ ದಾರಿಯೂ ಕೆಸರು.

ಈ ಸಲ ಹೋಗುವುದೇ ಎಂದು ಕೂತಿದ್ದೇನೆ.
ತಂಗಿಯ ಮಗ ದೆಲ್ಫೀನ್, ಹೇಸರಗತ್ತೆ ಹೊಡೆಯುವವನು,
ಕತ್ತರಿ ಸರಿಸಿ ನಕಾಶೆ ಹರಡಿದ.
"ಯಾವ ದಿನ, ದೊಡ್ಡಮ್ಮ?"
ಸೋಮವಾರ ಸಂತೆ. ಬುಧವಾರ ಜರ್ಮನಿಯವರ ನಾಲ್ಕು ಡೇರೆ.
ಗುರುವಾರ ಎಪಿಫಾನಿಯಾಳ ಹಲ್ಲು ಕೀಳಿಸಬೇಕು, ಜೊತೆಗಿರುತ್ತೇನೆಂದು ಮಾತು ಕೊಟ್ಟಿದ್ದೇನೆ.
ಭಾನುವಾರ ಲೀಮಾದ ಮಕ್ಕಳು
ವ್ಯಾನಿನ ಕಿಟಕಿಯಲ್ಲಿ ವಾಂತಿ ಮಾಡುತ್ತವೆ.
ಶುಕ್ರವಾರ ಅಂತಾಯಿತು. ಯಾವ ಶುಕ್ರವಾರ, ಅದಿನ್ನೂ ಇಲ್ಲ.

ಟಿಕೇಟಿಗೆ ಗುರುತಿನ ಚೀಟಿ
(ಅದರಲ್ಲಿ ನನ್ನ ಜಡೆ ಇನ್ನೂ ಕಪ್ಪು),
ಹಿಡಿ ಕೋಕಾ ಎಲೆ, ಹುರಿದ ಜೋಳ.
ಕೋಟು? ಅಂಗಡಿ ತುಂಬ ಕೋಟು, ಎಲ್ಲ ಬೇರೆಯವರದು.
ಕೆನಡಾದವನೊಬ್ಬ ಎರಡು ವರ್ಷದ ಹಿಂದೆ ಬಿಟ್ಟುಹೋದ ನೀಲಿ ಒಂದಿದೆ.
ಬಂದು ಕೇಳಿದರೆ? ಕೇಳಲಿ.
ತೋಳು ಗೇಣುದ್ದ ಮೊಟಕು ಮಾಡಿದ್ದೇನೆ,
ಕೂಲಿ ಬೇಡ ಅನ್ನುತ್ತೇನೆ.

"ಹಿಮದ ತನಕ ಎಷ್ಟು ನಡೆಯಬೇಕೋ?"
ದೆಲ್ಫೀನ್ ಪೆನ್ಸಿಲು ಕಚ್ಚಿದ.
"ನಾನು ಹುಡುಗನಿದ್ದಾಗ ವ್ಯಾನಿಳಿದರೆ ಕೂಗಳತೆ.
ಈಗ ಮುಕ್ಕಾಲು ಗಂಟೆ, ನನ್ನ ಕಾಲಲ್ಲಿ. ನಿನ್ನ..."
ನನ್ನ ಎಡಮಂಡಿಯನ್ನು ಅವನು ನೋಡಲಿಲ್ಲ.
ನೋಡದೇ ಇದ್ದದ್ದು ಕಾಣಿಸಿತು.

ನಕಾಶೆಯಲ್ಲಿ ಹಿಮ ಅಂಗೈ ಅಗಲ ಬಿಳಿ.
"ಈ ಬಿಳಿ ಸುಳ್ಳು ದೊಡ್ಡಮ್ಮ. ಇಲ್ಲೀಗ ಕಲ್ಲು. ಇಲ್ಲಿ ನೀರು"
ಎನ್ನುತ್ತ ಅಂಚು ತಿದ್ದಿದ, ಒಳಗೆ, ಇನ್ನೂ ಒಳಗೆ.
ಬಲ್ಲೆ ಆ ಗೆರೆಯನ್ನು:
ಒಗೆದಾಗ ಕುಗ್ಗಿದ ಬಟ್ಟೆಗೆ ನಾವು ಸೀಮೆಸುಣ್ಣದಲ್ಲಿ ಎಳೆಯುವುದು.
ಆದರೆ ನಮ್ಮಲ್ಲಿ ಒಳಮಡಿಕೆ ಇರುತ್ತದೆ,
ಬೇಕಾದಾಗ ಬಿಚ್ಚಿ ಬಿಡಲು.
ಬೆಟ್ಟಕ್ಕೆ ಯಾರೂ
ಮಡಿಕೆ ಬಿಟ್ಟು ಹೊಲಿದಂತಿಲ್ಲ.

ನಾನೊಂದು ವರ್ಷ ತಡಮಾಡಿದರೆ
ಅದು ಇನ್ನಷ್ಟು ಮೇಲಕ್ಕೆ, ನನ್ನ ಮಂಡಿ ಇನ್ನಷ್ಟು ಕೆಳಕ್ಕೆ.
"ನೀವು ಮೊದಲು", "ಇಲ್ಲ, ನೀವು ಮೊದಲು" ಎಂದು
ಇಬ್ಬರೂ ಹೀಗೆ ಹಿಂದೆ ಸರಿಯುತ್ತ ನಿಂತರೆ
ಭೇಟಿ ಆದಂತೆಯೇ.

ಗೋಡೆಯ ಕ್ಯಾಲೆಂಡರಿಗೆ ಗುಂಡುಸೂಜಿ ಚುಚ್ಚಿದೆ:
ಈ ವಾರದ್ದೇ ಶುಕ್ರವಾರ.
ಜರ್ಮನಿಯವರ ನಾಲ್ಕನೇ ಡೇರೆ ಹರಿದೇ ಇರಲಿ,
ಮೂರರಲ್ಲಿ ಒತ್ತಿಕೊಂಡು ಮಲಗಲಿ, ಬೆಚ್ಚಗಾಗುತ್ತದೆ.
ಅರ್ಧ ದಾರಿ ಹೇಸರಗತ್ತೆ, ಮಿಕ್ಕದ್ದಕ್ಕೆ ದೆಲ್ಫೀನನ ಹೆಗಲು.

ಚೀಲಕ್ಕೆ ಕೊನೆಯಲ್ಲಿ ಹಾಕಿದ್ದು ಸೂಜಿ,
ಮೇಣ ತಿಕ್ಕಿದ ದಾರ.
"ಅಲ್ಲೇನು ಹೊಲಿಯುತ್ತೀ?" ಹುಡುಗನಿಗೆ ನಗು.
ಏನೂ ಇಲ್ಲ ಮಾರಾಯ.
ಇಷ್ಟು ವರ್ಷ ಅನ್ನ ಕೊಟ್ಟವರ ಮನೆ,
ಬರಿಗೈಯಲ್ಲಿ ಹೋಗುವುದು ಹೇಗೆ?

ವ್ಯಾನು ಬೆಳಿಗ್ಗೆ ಆರಕ್ಕೆ.
ಎಪಿಫಾನಿಯಾಳ ಹಲ್ಲು
ಗುರುವಾರ ಸುಲಭವಾಗಿ ಬರಲಪ್ಪಾ.