ಸಂಕದ ಅಗಲ

ಮೂವತ್ತೊಂದು ವರ್ಷ ಮಲ್ಪೆಯ ಧಕ್ಕೆಯಲ್ಲಿ
ಬೋಟಿನ ಇಂಜಿನ್ ಬಿಚ್ಚಿ ಕಟ್ಟಿದವ ನಾನು.
ಎಷ್ಟು ಎಚ್‌ಪಿ ಬೇಕೆಂದು ಯಾರೇ ಕೇಳಲಿ
ಅವರ ಕಿಸೆ ನೋಡದೆ ಹೇಳುತ್ತಿದ್ದೆ: ಇನ್ನೊಂದಿಷ್ಟು ಇರಲಿ.
ಕಡಲಿಗೆ ಬೇಲಿಯಿಲ್ಲ. ಗಾಳಿ ತಿರುಗಿದ ಹೊತ್ತು
ಆ ಇನ್ನೊಂದಿಷ್ಟೇ ದಡ ಮುಟ್ಟಿಸುವುದು.

ಈಗ ಕೆಮ್ಮಣ್ಣಿನಲ್ಲಿ, ಜಲಜಳ ಪಾಲಿಗೆ ಬಂದ
ಒಂದು ಎಕ್ರೆ ಅರವತ್ತೆರಡು ಸೆಂಟ್ಸಿನ ಎದುರು
ಕ್ಯಾಟಲಾಗ್ ಹಿಡಿದು ನಿಂತಿದ್ದೇನೆ.
ಏಳು ತುಂಡು ಗದ್ದೆ,
ಒಂದೊಂದಕ್ಕೂ ಬೇಡದ ಒಂದು ಮೂಲೆ ಹೆಚ್ಚು.

ಬ್ರಹ್ಮಾವರದ ಶೋರೂಮಿನ ಹುಡುಗ ಶ್ರವಣ
ನಲವತ್ತೈದರ ಬಾನೆಟ್ ತಟ್ಟಿ
"ಅಂಕಲ್, ಭವಿಷ್ಯಕ್ಕೆ ಇದು" ಅಂದ.
ನನ್ನ ಭವಿಷ್ಯಕ್ಕೆ ಅರವತ್ತಮೂರು ತುಂಬಿದೆ ಮಾರಾಯ.
ಆದರೂ ಹತ್ತಿ ಕೂತೆ. ಸುಳ್ಳು ಯಾಕೆ,
ಆ ಎತ್ತರದಿಂದ ಹೆದ್ದಾರಿಯ ಲಾರಿಗಳೂ
ಬುಟ್ಟಿಯ ಬೂತಾಯಿಯಂತೆ ಕಂಡವು.
ಜಲಜ ಕೆಳಗೆ ನಿಂತು, ಮುಖ ಎತ್ತದೆ
"ನಮ್ಮ ಸಂಕ ದಾಟ್ತದಾ ಇದು?" ಅಂತ
ಟಯರನ್ನು ಕೇಳಿದಳು.

ಮನೆಗೆ ಬಂದು ಬಲೆಯ ಹಗ್ಗ ತೆಗೆದೆ.
ಕಡಲ ಆಳಕ್ಕೆ ಮಾರು, ಮಲ್ಲಿಗೆಗೆ ಮೊಳ,
ಸಂಕಕ್ಕೆ ಯಾವುದು?
ತೋಡಿನ ಮೇಲೆ ಮಾವನ ಕಾಲದ ಚಪ್ಪಡಿ,
ನಡುವೆ ಬಿರುಕು, ಬಿರುಕಲ್ಲಿ ಜರಿಗಿಡ,
ಆಚೆ ತುದಿಯ ಮೂಲೆ ತಿಂದು ನಿಂತ
ಲಿಗೋರಿ ಪೊರ್ಬುಗಳ ಮುರಕಲ್ಲ ಕಂಬ.
ಕಂಬದಿಂದ ಅಂಚಿಗೆ ಎರಡೂವರೆ ಮೊಳ.
ಮತ್ತೆ ಅಳೆದೆ. ಎರಡೂವರೆಯೇ.
ಹಗ್ಗವಾದರೆ ಜಗ್ಗಬಹುದು.

ನಲವತ್ತೈದು ಹೋಯಿತು.
ಇಪ್ಪತ್ತೆಂಟೂ ಹೋಯಿತು, ಒಂದು ಹೆಬ್ಬೆರಳ ಅಗಲದಲ್ಲಿ.

ಹಾಗಾದರೆ ಹದಿನೆಂಟೂವರೆ? ನನಗೆ ನಾಚಿಕೆ.
ಟ್ರಾಲರಿನ ಹೊಟ್ಟೆಯೊಳಗೆ ಕೂತೆದ್ದವನು
ಜಾತ್ರೆಯ ಆಟಿಕೆಯಂಥದರ ಮೇಲೆ ಕೂತರೆ
ಧಕ್ಕೆಯವರು ಏನಂದಾರು?
ಜಲಜ ಮಾತಾಡಲಿಲ್ಲ. ಸೆರಗು ಸಿಕ್ಕಿಸಿ
ಬಾಕಿಮಾರಿನ ಕೆಸರಿಗಿಳಿದು ಹಿಮ್ಮಡಿ ಊರಿದಳು.
ಮೊಣಕಾಲಿಗೆ ನಾಲ್ಕು ಬೆರಳು ಇರುವಾಗ ನಿಂತಳು.
"ಇಲ್ಲಿದೆ ನೆಲ. ಅಜ್ಜನ ಕೋಣಗಳು
ತುಳಿದು ತುಳಿದು ಮಾಡಿದ ಗಟ್ಟಿ.
ಇದು ಒಡೆದರೆ ನೀರು ನಿಲ್ಲುವುದಿಲ್ಲ.
ಹೋದ ವರ್ಷ ಆಚೆ ಬೈಲಿನಲ್ಲಿ
ಬಾಡಿಗೆಯ ದೊಡ್ಡದು ಹೂತು ಹೋಯ್ತಲ್ಲ,
ಹಿಟಾಚಿ ಬಂದು ಎಳೆದ ಆ ಗುಂಡಿಯಲ್ಲಿ
ಈಗ ಮುಗುಡು ಹಿಡಿಯುತ್ತಾರೆ ಮಕ್ಕಳು."

ಕಡಲಲ್ಲಿ ತಳ ತಾಗಿದರೆ ಭಯ.
ಇಲ್ಲಿ, ತಾಗದಿದ್ದರೆ.

ಮುಂಗಡ ಕೊಟ್ಟು ಬಂದ ಸಂಜೆ
ತೋಡಿನಾಚೆ ಠಣ್ ಠಣ್.
ಲಿಗೋರಿ ಪೊರ್ಬುಗಳು, ಬರೀ ಬನಿಯನಿನಲ್ಲಿ,
ಪಿಕ್ಕಾಸು ಹಿಡಿದು ತಮ್ಮದೇ ಕಂಬ ಕೀಳುತ್ತಿದ್ದಾರೆ.
"ನೀವು ಹಗ್ಗ ಹಿಡಿದದ್ದು ಕಂಡೆ" ಅಂದರು.
"ಒಂದು ಮಾತು ಕೇಳಬಾರದಿತ್ತಾ?
ಒಂದು ಗೇಣು ಹಿಂದೆ ನೆಟ್ಟರೆ ನನಗೆಂತ ನಷ್ಟ?
ಇಪ್ಪತ್ತೆಂಟೇ ತನ್ನಿ,
ನನ್ನ ಗದ್ದೆಗೂ ಎರಡು ಸುತ್ತು ಹೊಡೆಯಿರಿ."

ಮುರಕಲ್ಲಿನ ಕೆಂಪು ಹುಡಿ ಅವರ ಹುಬ್ಬಿನ ಮೇಲೆ.
ಇಪ್ಪತ್ತು ವರ್ಷದಿಂದ ತೋಡಿನ ಈಚೆಗೊಬ್ಬ ಆಚೆಗೊಬ್ಬ,
ನಾನು ಅಳೆಯದೆ ಬಿಟ್ಟದ್ದು ಇವರೊಬ್ಬರನ್ನೇ.

ರಾತ್ರಿಯಿಡೀ ತಲೆಯಲ್ಲಿ ಇಪ್ಪತ್ತೆಂಟು ಓಡಿತು,
ಮೂರನೇ ಗೇರಿನಲ್ಲಿ.
ಬೆಳಿಗ್ಗೆ ಗಂಜಿ ಬಡಿಸುತ್ತ ಜಲಜ:
"ಕಂಬ ಹಿಂದೆ ಹೋಯ್ತು, ಸರಿ.
ಕೆಳಗಿನ ಗಟ್ಟಿ ಕೆಳಗೆ ಹೋಗ್ತದಾ?"
ಉಪ್ಪಿನಕಾಯಿ ಮಾತ್ರ ಕೇಳಿದೆ.

ಹದಿನೆಂಟೂವರೆಯೇ ಬಂತು.
ಬಾನೆಟ್ಟಿಗೆ ಕಟ್ಟಲು ಮೊಳ ಮಲ್ಲಿಗೆ ತಂದಿದ್ದಳು;
ಅರ್ಧ ಸಾಕಾಯಿತು, ಉಳಿದರ್ಧ ಅವಳ ಜಡೆಗೆ.
ಮೊದಲ ಸುತ್ತು ಬಾಕಿಮಾರಿಗೆ,
ಆಮೇಲೆ ಪೊರ್ಬುಗಳ ಮಜಲಿಗೆ.
ಡೀಸೆಲಿನ ಲೆಕ್ಕ ಇಬ್ಬರೂ ಎತ್ತಿಲ್ಲ ಇನ್ನೂ.

ಸಂಕ ದಾಟುವಾಗ ಬಲಕ್ಕೆ
ಒಂದು ಗೇಣು, ಮೇಲೊಂದಿಷ್ಟು, ಖಾಲಿ ಉಳಿಯುತ್ತದೆ.
ಅಲ್ಲೇ ಬಂದು ನಿಲ್ಲುತ್ತದೆ ಅವರ ಕಂದು ನಾಯಿ.
ನನ್ನ ಹದಿನೆಂಟೂವರೆಗೆ ಅದು
ನಲವತ್ತೈದಕ್ಕೆ ಬೊಗಳಿದ ಹಾಗೆ ಬೊಗಳುತ್ತದೆ.