ಕದದಲ್ಲಿ ಉಳಿದ ಗುಂಡು

ಮೂವತ್ತೊಂದು ವರ್ಷ ಈ ಕೋಟೆಯ ಮಗ್ಗುಲಲ್ಲಿ
ಬಸ್ಸು ತಿರುಗಿಸಿದೆ. ಒಳಗೆ ಹೋದವನಲ್ಲ.
ನೇಪಲ್ಸಿನಲ್ಲೇ ಹುಟ್ಟಿದ ನನಗೆ ಅದೊಂದು ತಿರುವು, ಅಷ್ಟೆ:
ಕರೀ ಬುರುಜು ಕಂಡರೆ ಎರಡನೇ ಗೇರು,
ಎಡಗನ್ನಡಿಯಲ್ಲಿ ಸ್ಕೂಟರುಗಳ ಜೇನುಹಿಂಡು,
ಆಮೇಲೆ ಬಂದರು, ದ್ವೀಪಕ್ಕೆ ಹೊರಟವರ ಸೂಟ್‌ಕೇಸು.

ನಿವೃತ್ತಿಯಾದ ಹದಿಮೂರನೇ ದಿನ
ಮೊಮ್ಮಗಳು ನಿವೇಸ್ ಕೈ ಹಿಡಿದೆಳೆದಳು.
ಟಿಕೆಟ್ ಹರಿಯುವವನು ಮುಖ ನೋಡಿ
"ಓ, ನೂರೈವತ್ತೊಂದು!" ಎಂದ.
ನನ್ನ ಹೆಸರು ಅವನಿಗೆ ಗೊತ್ತಿಲ್ಲ, ಅವನದು ನನಗೆ.

ಎರಡು ಕರಿಯ ಬುರುಜುಗಳ ನಡುವೆ ಬಿಳಿಯ ಕಮಾನು,
ಬೊಚ್ಚುಬಾಯಿಗೆ ಕಟ್ಟಿಸಿದ ಹೊಸ ಹಲ್ಲು.
ಅಮೃತಶಿಲೆಯ ರಾಜ ರಥ ಹತ್ತಿ ಬರುತ್ತಿದ್ದಾನೆ,
ಐದೂವರೆ ಶತಮಾನದಿಂದ ಬರುತ್ತಲೇ ಇದ್ದಾನೆ.
"ನನ್ನ ಬಸ್ಸೂ ಇಷ್ಟು ತಡವಾಗಿರಲಿಲ್ಲ" ಅಂದೆ.
ನಿವೇಸ್ ನಗಲಿಲ್ಲ.

ನೆಲಮಾಳಿಗೆಯಲ್ಲಿ ಮೊಸಳೆ ಇರಲಿಲ್ಲ.
ಸೂಪು ಉಳಿಸಿದಾಗಲೆಲ್ಲ ಅಜ್ಜಿ ಅದನ್ನು ಕರೆಯುತ್ತಿದ್ದಳು.

ಮೇಲಿನ ಹಜಾರದಲ್ಲಿ, ನಕ್ಷತ್ರದಂತೆ ಹೊಲಿದ ಕಲ್ಲುಚಾವಣಿಯಡಿ,
ಮದುವೆಗೆಂದು ಸರದಾರರನ್ನು ಕರೆದು
ಬಟ್ಟಲು ತುಂಬುವ ಮೊದಲೇ ಬೇಡಿ ತೊಡಿಸಿದರಂತೆ.
ಇವತ್ತೂ ಯಾರದೋ ಮದುವೆ. ವಧು ಮೆಟ್ಟಿಲಲ್ಲಿ ಕೂತು,
ಕಚ್ಚುವ ಚಪ್ಪಲಿಯನ್ನು ಕೈಯಲ್ಲಿ ಹಿಡಿದು,
ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಳು.

ಕಡೆಗೆ ಆ ಕಂಚಿನ ಬಾಗಿಲು.
ಕೆತ್ತಿದ ಕುದುರೆ, ಕೆತ್ತಿದ ಈಟಿ, ಕೆತ್ತಿದ ಸಾವು;
ನಡುವೆ, ಯಾರೂ ಕೆತ್ತದ ಒಂದು ಫಿರಂಗಿಗುಂಡು
ಕದದಲ್ಲೇ ಕಚ್ಚಿಕೊಂಡು ಕೂತಿದೆ.
"ಹೊರಗಿಂದ ಬಂತಾ, ಒಳಗಿಂದಲಾ?"
ಕಾವಲಿನ ಎರ್ಸೀಲಿಯಾ: "ಬಾಗಿಲನ್ನೇ ಹಡಗಿಗೆ ಹೇರಿ ಕದ್ದೊಯ್ಯುವಾಗ."
ಅವಳ ಪಾಳಿಯ ಜೊತೆಗಾರ: "ಸುಳ್ಳು. ಇಲ್ಲೇ, ಮುತ್ತಿಗೆಯಲ್ಲಿ."
ಇಬ್ಬರೂ ಜಗಳಕ್ಕೆ ನಿಂತರು,
ಗುಂಡು ನಿನ್ನೆ ಸಂಜೆ ಸಿಡಿದಿತ್ತೇನೋ ಎಂಬಂತೆ.

ನನಗೆ ಅಪ್ಪನ ತೊಡೆ ನೆನಪಾಯಿತು.
ನಲವತ್ತಮೂರರ ಬಾಂಬಿನ ಚೂರು, ಆಲಿವ್ ಬೀಜದಷ್ಟು.
ತೆಗೆದರೆ ಕಾಲು ಹೋದೀತು, ಇರಲಿ ಬಿಡು,
ಎಂದಿದ್ದರಂತೆ ಡಾಕ್ಟರು. ಇತ್ತು.
ಮಳೆಯ ಸುದ್ದಿ ಮನೆಯಲ್ಲಿ ಮೊದಲು ಅದಕ್ಕೇ ಮುಟ್ಟುತ್ತಿತ್ತು.
ಯಾರ ಬಾಂಬು ಎಂದು ಕೇಳಿದರೆ
"ಆ ವಾರ ಯಾರು ಹಾರಿಬರುತ್ತಿದ್ದರೋ ಅವರದು" ಎನ್ನುತ್ತಿದ್ದ.
ಚೂರಿನ ಸಮೇತ ಮಣ್ಣು ಮಾಡಿದೆವು.

ಮುಟ್ಟಬಾರದೆಂದು ಬರೆದಿತ್ತು.
ಜಗಳ ಇನ್ನೂ ಮುಗಿದಿರಲಿಲ್ಲ. ಮುಟ್ಟಿದೆ.
ತಣ್ಣಗಿತ್ತು, ಸುತ್ತಲಿನ ಕಂಚಿಗಿಂತ ತುಸು ಹೆಚ್ಚೇ ನುಣುಪು.
ನನ್ನಂಥವರು ಬಹಳ ಮಂದಿ ಬಂದು ಹೋಗಿರಬೇಕು.

ಹೊರಗೆ ನೂರೈವತ್ತೊಂದು ತಿರುಗುತ್ತಿತ್ತು.
ಹೊಸ ಹುಡುಗ, ಬಹಳ ಅಗಲಕ್ಕೆ ಹೊಡೆದ.
"ಎಡಕ್ಕೆ, ಎಡಕ್ಕೆ" ಅಂದೆ,
ಬಲಗಾಲು ಕಲ್ಲುಹಾಸನ್ನು ಒತ್ತಿತು.