ಅಕ್ಕಿಕಾಳಿನ ಸಾಕ್ಷಿ

ವಾನಾಡ್ಜೋರ್, ಐದನೇ ಮಹಡಿ. ಲಿಫ್ಟು ಸತ್ತು ಎಷ್ಟೋ ಕಾಲ.
ಮೀಟರಿನ ಚೀಲ ಹೆಗಲಿಗೇರಿಸಿ ಹತ್ತಿದೆ.
ಬಾಗಿಲು ತೆರೆಯುವ ಮೊದಲೇ ಜಗಳ ಕೇಳಿಸಿತು,
ಜಗಳದಡಿಯಲ್ಲಿ ಫ್ರಿಜ್ಜಿನ ಗೊರಗೊರ.

ಹಾಯ್ಕನುಶ್ ಒಂದೊಂದೇ ತೆಗೆದು ಮೇಜಿಗಿಟ್ಟಳು,
ಪೊಲೀಸರೆದುರು ಕದ್ದ ಮಾಲು ಒಪ್ಪಿಸುವ ಹಾಗೆ:
ಕಲ್ಲಾದ ಮೊಸರು,
ಸೀಳುಬಿಟ್ಟ ಮೊಟ್ಟೆ ನಾಲ್ಕು,
ಬೆಂದಂತೆ ಕಪ್ಪಾದ ಕೊತ್ತಂಬರಿ ಕಟ್ಟು,
ಚಾಕು ಜಾರುವ ಚೀಸು.
‘ಗುಂಡಿ ತಿರುಗಿಸೋದು ಇವನೇ’ ಎಂದಳು, ಮಗನನ್ನು ತೋರಿಸಿ.
ತಾತುಲ್ ಅಜ್ಜಿಯನ್ನು ತೋರಿಸಿದ.
ಅಜ್ಜಿ ವಾರ್ಸೆನಿಕ್ ಯಾರನ್ನೂ ತೋರಿಸಲಿಲ್ಲ.
‘ಹೆಣ್ಣುಮಗಳು ರಿಪೇರಿಗೆ ಬಂದಿದ್ದೀಯ,
ಕಾಫಿ ಕುಡಿದೇ ಹೋಗಬೇಕು’ ಎಂದಳು, ಅಷ್ಟೇ.

ಆಚೆ ಕಿಟಕಿಯಲ್ಲಿ ಕಾರ್ಖಾನೆಯ ಚಿಮಣಿ, ಹೊಗೆಯಿಲ್ಲದ್ದು.
ಅಪ್ಪ ಅಲ್ಲಿ ಮಾಪಕಗಳ ವಿಭಾಗದಲ್ಲಿದ್ದ.
‘ಯಂತ್ರವನ್ನು ಬಯ್ಯುವ ಮೊದಲು,’ ಅನ್ನುತ್ತಿದ್ದ,
‘ಅದಕ್ಕೆ ಚಾಡಿ ಹೇಳಿದವರು ಯಾರು, ಕೇಳು.’

ಕೇಳಿದೆ.
ಹಿಂಬದಿಯ ತಟ್ಟೆ ಬಿಚ್ಚಿ, ಮಂಜು ಕೆರೆದು,
ಎರಡು ಬಿಳಿ ತಂತಿಯ ತುದಿಗೆ ನೇತಾಡುವ
ಅಕ್ಕಿಕಾಳಿನಷ್ಟು ಮಣಿಯನ್ನು ಹೊರಗೆಳೆದೆ.
ಇಷ್ಟೇ. ಇಡೀ ಪೆಟ್ಟಿಗೆಗೆ ಕಣ್ಣು, ಕಿವಿ, ಚರ್ಮ
ಇದೊಂದೇ.

ಮೊದಲು ಅಂಗೈಯಲ್ಲಿ ಮುಚ್ಚಿ ಹಿಡಿದೆ.
ಮೀಟರಿನ ಅಂಕಿ ಇಳಿಯಿತು, ಇಳಿದು ಮೂರು ಸಾವಿರದ ಆಸುಪಾಸು.
ಬಿಸಿಯಾದಷ್ಟೂ ತಡೆ ಕಡಿಮೆ; ಸರಿ,
ಇಲ್ಲಿಯವರೆಗೆ ತಕರಾರಿಲ್ಲ.
‘ನೋಡು, ಚೆನ್ನಾಗೇ ಇದೆ!’ ಹಾಯ್ಕನುಶ್ ಮಗನತ್ತ ತಿರುಗಿದಳು.
ತಾಳಮ್ಮ, ತಾಳು.

ಲೋಟದ ತುಂಬ ಐಸು, ಮೇಲೆ ಸ್ವಲ್ಪ ನೀರು,
ಚಮಚೆಯಲ್ಲಿ ಕಲಕಿ ಮಣಿಯನ್ನು ಮುಳುಗಿಸಿದೆ.
ಸೊನ್ನೆ ಡಿಗ್ರಿಗೆ ಹದಿನಾರು ಸಾವಿರ ಏರಬೇಕು,
ಚೀಲದ ಪಟ್ಟಿಯಲ್ಲಿ ಅಪ್ಪನ ಅಕ್ಷರದಲ್ಲೇ ಇದೆ.
ಐದು. ಏಳು. ಒಂಬತ್ತು.
ಹತ್ತೂವರೆಗೆ ಬಂದು ನಿಂತಿತು,
ಮೆಟ್ಟಿಲಲ್ಲಿ ಏದುಸಿರು ಬಿಟ್ಟ ಮುದುಕನ ಹಾಗೆ.
ಐದು ನಿಮಿಷ ಕಾದೆವು, ಎಲ್ಲರೂ, ಜಗಳ ಮರೆತು.
ಅಲುಗಲಿಲ್ಲ.

ಹತ್ತೂವರೆ ಸಾವಿರವೆಂದರೆ ಒಂಬತ್ತು ಡಿಗ್ರಿ.
ಐಸಿನಲ್ಲಿ ಕತ್ತಿನವರೆಗೆ ಮುಳುಗಿಯೂ
ಇದು ಹೇಳುತ್ತಿದೆ: ಇನ್ನೂ ಸೆಕೆ, ಇನ್ನೂ ಸೆಕೆ.
ಮೋಟಾರು ಪಾಪ, ನಂಬಿದೆ. ರಾತ್ರಿಯೆಲ್ಲ ದುಡಿದಿದೆ.

ತಂತಿ ಮಣಿಯೊಳಗೆ ಹೋಗುವಲ್ಲಿ ಕೂದಲಿನಷ್ಟು ಬಿರುಕು,
ಅಲ್ಲಿಂದ ನುಸುಳಿದೆ ತೇವ.
ಬೆಚ್ಚಗಿದ್ದರೆ ಹೆಚ್ಚುಕಡಿಮೆ ನಿಜವನ್ನೇ ಹೇಳುತ್ತದೆ,
ತಣ್ಣಗಾದಷ್ಟೂ ತಪ್ಪುತ್ತದೆ.
‘ಗುಂಡಿ ಯಾರೂ ಮುಟ್ಟಿಲ್ಲ’ ಎಂದೆ.
ತಾತುಲ್ ಗೆದ್ದವನಂತೆ ಕುಣಿಯಲಿಲ್ಲ.
ಮೊಟ್ಟೆಯ ಸೀಳಿನ ಮೇಲೆ ಬೆರಳಾಡಿಸುತ್ತ ಕೂತ.

ಹೊಸ ಮಣಿ ಬೆಸೆದು, ತಟ್ಟೆ ಮುಚ್ಚಿದೆ.
ಸ್ವಲ್ಪ ಹೊತ್ತಿಗೆ ಗೊರಗೊರ ತಟ್ಟನೆ ನಿಂತಿತು.
ಆ ಮೌನಕ್ಕೆ ಮೂವರೂ ಬೆಚ್ಚಿದರು,
ಯಾರೋ ಹೆಸರು ಕೂಗಿದಂತೆ.

ಕಾಫಿ ಉಕ್ಕಿತು.
ವಾರ್ಸೆನಿಕ್ ತಾಮ್ರದ ಪಾತ್ರೆಯನ್ನು ಎತ್ತಿದಳು,
ಉದ್ದ ಹಿಡಿ ಇತ್ತು, ಹಿಡಿಯನ್ನು ಮುಟ್ಟಲಿಲ್ಲ;
ಹೊಟ್ಟೆಗೇ ಅಂಗೈ ಅಂಟಿಸಿ
ಸಾವಕಾಶವಾಗಿ ನಾಲ್ಕು ಕಪ್ಪಿಗೆ ಬಗ್ಗಿಸಿದಳು,
ಆಪ್ರಿಕಾಟಿನ ಬೆಲೆ ಮಾತಾಡುತ್ತ.
‘ಸುಡೋದಿಲ್ವಾ ಅಜ್ಜಿ?’
‘ಏನು ಸುಡೋದು?’ ಎಂದಳು. ಕೈ ಕೆಂಪಗಿತ್ತು.
ಹಾಯ್ಕನುಶ್ ಮೊಸರಿನ ಡಬ್ಬಿ ಬಿಸಿನೀರಿಗಿಡುತ್ತಿದ್ದಳು,
ಈ ಕಡೆ ಬೆನ್ನು.

ನಾನು ಫ್ರಿಜ್ಜಿನವಳು.
ದುಡ್ಡು ಎಣಿಸಿಕೊಂಡೆ, ಚಪ್ಪಲಿ ಮೆಟ್ಟಿದೆ, ಇಳಿದೆ.
ಎರಡು ಮಹಡಿ ಇಳಿಯುವಷ್ಟರಲ್ಲಿ
ಜೇಬಿನೊಳಗೆ ಹಳೆಯ ಮಣಿ ಕೈಗೆ ಸಿಕ್ಕಿತು,
ಬೆಚ್ಚಗೆ. ಈಗ ಕೇಳಿದರೆ
ಸರಿಯಾಗೇ ಹೇಳೀತು.

ತಿರುಗಿ ಹತ್ತಿದೆ.
ಬಾಗಿಲು ತಟ್ಟುವ ಮೊದಲು ಕಿವಿಗೊಟ್ಟೆ:
ಒಳಗೆ ಮೋಟಾರೂ ಇಲ್ಲ, ಜಗಳವೂ ಇಲ್ಲ,
ಕಪ್ಪು ತೊಳೆಯುವ ಸದ್ದು ಮಾತ್ರ.